ದಿನಾ ಒರೆಸಿದರೂ ನೆಲ ಅಂಟಂಟು: ಎಷ್ಟು ದಿನಕ್ಕೊಮ್ಮೆ ಒರೆಸಬೇಕು, ಹೇಗೆ ಒರೆಸಬೇಕು?

ಪ್ರಶ್ನೆ

ಮನೆಯಲ್ಲಿ ಹೆಚ್ಚಿನ ಕಡೆ ತಿಳಿ ಬಣ್ಣದ, ಹೊಳಪಿನ ವಿಟ್ರಿಫೈಡ್ ಟೈಲ್ಸ್. ಒಂದು ಕೋಣೆಗೆ ಲ್ಯಾಮಿನೇಟ್ ಹಲಗೆ, ಅಡುಗೆಮನೆಯ ಹೊಸ್ತಿಲಿಗೆ ಒಂದು ಪಟ್ಟಿ ಬಿಳಿ ಮಾರ್ಬಲ್. ದಿನಾ ಗುಡಿಸಿದ ಮೇಲೆ ಸ್ಪಿನ್ ಮಾಪ್ ಬಕೆಟ್‌ಗೆ ಸುಮಾರು 5 ಲೀಟರ್ ನೀರು ಹಿಡಿದು, ಎರಡು ಮುಚ್ಚಳ ಫ್ಲೋರ್ ಕ್ಲೀನರ್ ಸುರಿದು, ಅದೊಂದೇ ನೀರಿನಲ್ಲಿ ಮನೆಯೆಲ್ಲ ಒರೆಸುವುದು ರೂಢಿ. ಇಷ್ಟು ಮಾಡಿಯೂ ಒಣಗಿದ ಮೇಲೆ ಬರಿಗಾಲಿಗೆ ನೆಲ ಅಂಟಂಟು ಅನ್ನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಪ್ಪು ಹೆಜ್ಜೆ ಗುರುತು ಏಳುತ್ತವೆ. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ ಮಾಪ್ ಆಡಿದ ಜಾಡೆಲ್ಲ ಗೆರೆಗೆರೆಯಾಗಿ ಕಾಣುತ್ತದೆ. ಮಾಪ್ ತೊಳೆದಿಟ್ಟರೂ ಮರುದಿನ ಮುಗ್ಗಲು ವಾಸನೆ.

ಕ್ಲೀನರ್ ಬದಲಿಸಬೇಕೋ, ಮಾಪ್ ಬದಲಿಸಬೇಕೋ, ಒರೆಸುವ ಕ್ರಮವೇ ತಪ್ಪೋ? ದಿನಾ ಒರೆಸುವುದು ನಿಜಕ್ಕೂ ಬೇಕಾ? ಅಳತೆ ಸಮೇತ ಹೇಳಿದರೆ ಉಪಕಾರ.

ಉತ್ತರ 1

ಮೂರು ತೊಂದರೆಗೂ ಬೇರು ಒಂದೇ. ಕೊಳೆ ನೆಲದಿಂದ ಏಳುತ್ತಿದೆ, ಆದರೆ ಮನೆಯಿಂದ ಆಚೆ ಹೋಗುತ್ತಿಲ್ಲ. ಬಕೆಟ್‌ಗೆ ಇಳಿದು, ಅದೇ ಬಕೆಟ್‌ನಿಂದ ಮತ್ತೆ ಮಾಪ್‌ಗೆ ಹತ್ತಿ, ಮುಂದಿನ ಕೋಣೆಯ ನೆಲಕ್ಕೆ ತೆಳ್ಳಗೆ ಬಳಿದುಕೊಳ್ಳುತ್ತಿದೆ. ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಕ್ಲೀನರ್.

ಮೊದಲು ಅಂಟಿನ ವಿಚಾರ. ಕ್ಲೀನರ್‌ನ ಕೆಲಸವೇ ಜಿಡ್ಡನ್ನು ಹಿಡಿದುಕೊಳ್ಳುವುದು. ಅದರ ಕಣಕ್ಕೆ ಒಂದು ತುದಿ ನೀರನ್ನು ಬಯಸುವಂಥದ್ದು, ಇನ್ನೊಂದು ತುದಿ ಎಣ್ಣೆ ಜಿಡ್ಡನ್ನು. ನೀರಿನ ಜೊತೆ ಅದನ್ನೂ ಬಟ್ಟೆಯಲ್ಲಿ ಎತ್ತಿ ತೆಗೆದರೆ ಸರಿ. ಹಾಗೇ ಒಣಗಲು ಬಿಟ್ಟರೆ ನೀರು ಮಾತ್ರ ಆವಿಯಾಗುತ್ತದೆ, ಕ್ಲೀನರ್ ಉಳಿಯುತ್ತದೆ. ಉಳಿದ ಮೇಲೂ ಅದು ತನ್ನ ಕೆಲಸ ಬಿಡುವುದಿಲ್ಲ: ಪಾದದ ಜಿಡ್ಡು, ಗಾಳಿಯ ಧೂಳು ಎಲ್ಲವನ್ನೂ ಹಿಡಿಯುತ್ತದೆ. ನೀವು ಹೇಳಿದ ಕಪ್ಪು ಹೆಜ್ಜೆ ಗುರುತು ಅದೇ. ಮರುದಿನ ಇನ್ನೆರಡು ಮುಚ್ಚಳ ಬಿದ್ದರೆ ಪದರದ ಮೇಲೆ ಪದರ.

ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ಹೆಚ್ಚು ಓಡಾಡದ ಮೂಲೆಯಲ್ಲಿ ಒಂದು ಅಡಿ ಚೌಕದಷ್ಟು ಜಾಗಕ್ಕೆ ಬರೀ ಉಗುರುಬೆಚ್ಚಗಿನ ನೀರು ಹಾಕಿ, ಎರಡು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿ. ಸೋಪು ಹಾಕದೆಯೇ ನೊರೆ ಎದ್ದರೆ, ಬೆರಳಿಗೆ ಲೋಳೆಯಂತೆ ಜಾರಿದರೆ, ಅದು ಹಳೆ ಕ್ಲೀನರ್. ಉಜ್ಜಿದ ಚೌಕ ಒಣಗಿದ ಮೇಲೆ ಸುತ್ತಲಿನ ಟೈಲ್ಸ್‌ಗಿಂತ ತಿಳಿಯಾಗಿ ಕಂಡರಂತೂ ಅನುಮಾನವೇ ಬೇಡ.

ತೆಗೆಯುವ ಕ್ರಮ ಹೀಗೆ. ಚೆನ್ನಾಗಿ ಗುಡಿಸಿ. ಕೈಗೆ ಬಿಸಿ ತಾಕುವಷ್ಟು, ಅಂದರೆ ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಬರೀ ನೀರಿನಲ್ಲಿ ಒಂದು ಕೋಣೆ ಒರೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅದೇ ಕೋಣೆಯನ್ನು ಇನ್ನೊಮ್ಮೆ ಒರೆಸಿ. ಮೂರು ನಾಲ್ಕು ದಿನ ಹೀಗೆ ಬರೀ ನೀರು. ಪದರ ದಪ್ಪವಾಗಿದ್ದು ಬಿಡದಿದ್ದರೆ, ವಿಟ್ರಿಫೈಡ್ ಟೈಲ್ಸ್‌ಗೆ ಮಾತ್ರ, 1 ಲೀಟರ್ ನೀರಿಗೆ 30 ಮಿ.ಲೀ. ಬಿಳಿ ವಿನೆಗರ್ ಸೇರಿಸಿ ಒಂದು ಸಲ ಒರೆಸಿ, ತಕ್ಷಣ ಬರೀ ನೀರಿನಲ್ಲಿ ಇನ್ನೊಂದು ಸಲ. ನಿಮ್ಮ ಮಾರ್ಬಲ್ ಹೊಸ್ತಿಲಿಗೆ ಈ ನೀರು ತಾಕಲೇಬಾರದು. ಅದರ ಪಕ್ಕದ ಸಾಲನ್ನು ಮಾಪ್ ಬಿಟ್ಟು ಕೈಬಟ್ಟೆಯಲ್ಲೇ ಒರೆಸಿ. ವಿನೆಗರ್ ಮತ್ತೆ ಮತ್ತೆ ಬಳಸುವ ಸಾಮಾನೂ ಅಲ್ಲ: ಟೈಲ್ಸ್ ಸಂದಿಗೆ ತುಂಬಿರುವುದು ಸಿಮೆಂಟ್ ಆಗಿದ್ದರೆ ಹುಳಿ ಅದನ್ನು ನಿಧಾನವಾಗಿ ಸವೆಸುತ್ತದೆ.

ಆಮೇಲಿನ ದಿನಗಳಿಗೆ ಬಾಟಲಿಯ ಮೇಲಿನ ಅಳತೆಯೇ ಅಳತೆ. ಮುಚ್ಚಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಗಾತ್ರ. ಮಿ.ಲೀ. ಗುರುತಿರುವ ಔಷಧಿ ಲೋಟ ಅಥವಾ 5 ಮಿ.ಲೀ. ಚಮಚ ಇಟ್ಟುಕೊಳ್ಳಿ. ಬರೀ ಧೂಳು ಕೂತ ನೆಲಕ್ಕೆ ಕ್ಲೀನರ್ ಬೇಕೇ ಇಲ್ಲ, ನೀರು ಸಾಕು. ಜಿಡ್ಡಿರುವ ಕಡೆಗೆ ಮಾತ್ರ ಕ್ಲೀನರ್.

ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ಮನೆಗೆಲ್ಲ ಒಂದೇ ಉತ್ತರ ಇಲ್ಲ, ಜಾಗಕ್ಕೊಂದು ಉತ್ತರ. ಅಡುಗೆಮನೆಯಲ್ಲಿ ಒಲೆ ಮತ್ತು ಸಿಂಕ್ ಮುಂದಿನ ಪಟ್ಟಿಗೆ ದಿನಾ ಒಂದು ಕೈ, ಇಡೀ ಅಡುಗೆಮನೆಗೆ ವಾರಕ್ಕೆ ಎರಡು ಮೂರು ಸಲ. ಬಾಗಿಲಿಂದ ಒಳಬರುವ ದಾರಿ, ಊಟ ಮಾಡುವ ಜಾಗಕ್ಕೂ ಅಷ್ಟೇ. ಬಚ್ಚಲು, ಶೌಚಾಲಯ ವಾರಕ್ಕೆ ಎರಡು ಸಲ. ಹಾಲ್ ವಾರಕ್ಕೊಂದೆರಡು ಸಲ, ಮಲಗುವ ಕೋಣೆ ವಾರಕ್ಕೊಮ್ಮೆ. ಯಾರೂ ಮಲಗದ ಕೋಣೆಗೆ ಎರಡು ವಾರಕ್ಕೊಮ್ಮೆ ಒರೆಸಿದರೂ ನಡೆಯುತ್ತದೆ. ಅಂಬೆಗಾಲಿಡುವ ಮಗುವಿದ್ದರೆ, ನಾಯಿ ಬೆಕ್ಕು ಇದ್ದರೆ, ಚಪ್ಪಲಿ ಹಾಕಿಕೊಂಡೇ ಒಳಗೆ ಓಡಾಡುವವರಿದ್ದರೆ ಅವರು ಓಡಾಡುವ ಜಾಗವನ್ನು ದಿನಾ ಒರೆಸಬೇಕಾದೀತು. ಏನಾದರೂ ಚೆಲ್ಲಿದರೆ ಮಾತ್ರ ವಾರ ದಿನ ನೋಡದೆ ಆಗಿಂದಾಗ ಒರೆಸಿಬಿಡಿ. ಹಸಿಯಿದ್ದಾಗ ಒಂದೇ ಸವರಿಗೆ ಹೋಗುವುದು ಒಣಗಿದ ಮೇಲೆ ಹತ್ತು ಸಲ ಉಜ್ಜಿದರೂ ಹೋಗುವುದಿಲ್ಲ.

ದಿನಾ ಮಾಡಲೇಬೇಕಾದದ್ದು ಗುಡಿಸುವುದು. ಒಂದೇ ನೀರಿನಲ್ಲಿ ದಿನಾ ಮನೆಯೆಲ್ಲ ಒರೆಸುವುದಕ್ಕಿಂತ, ನಾಲ್ಕು ಸಲ ನೀರು ಬದಲಿಸಿ ವಾರಕ್ಕೆ ಎರಡು ಸಲ ಒರೆಸಿದ ನೆಲ ಚೊಕ್ಕಟವಾಗಿರುತ್ತದೆ.

ಉತ್ತರ 2

ಮೇಲಿನದಕ್ಕೆ ಒರೆಸುವ ಕ್ರಮವನ್ನು ಸೇರಿಸುತ್ತೇನೆ. ಗೆರೆ ಬೀಳುವುದು ಹೆಚ್ಚಾಗಿ ಕೈಯ ಚಲನೆಯಿಂದ.

ಗುಡಿಸುವ ಮೊದಲು ಫ್ಯಾನ್ ನಿಲ್ಲಿಸಿ. ಮೇಜು, ಕಪಾಟಿನ ಧೂಳು ಕೊಡವುವುದಿದ್ದರೆ ಮೊದಲು ಅದನ್ನು ಮುಗಿಸಿ, ಹತ್ತು ನಿಮಿಷ ಬಿಟ್ಟು ಗುಡಿಸಿ. ಎದ್ದ ಧೂಳು ಕೂರುವಷ್ಟು ಹೊತ್ತು ಬೇಕು. ಕೂದಲು, ಮರಳು, ಪುಡಿ ನೆಲದಲ್ಲಿ ಉಳಿದಿರುವಾಗ ಒದ್ದೆ ಮಾಪ್ ತಗುಲಿದರೆ ಅದು ಬಗ್ಗಡವಾಗಿ ಟೈಲ್ಸ್ ಸಂದಿಗೆ ಇಳಿಯುತ್ತದೆ. ಮರಳಿನ ಕಣ ಮಾಪ್ ಕೆಳಗೆ ಸಿಕ್ಕಿದರೆ ಹೊಳಪಿನ ಮೇಲ್ಮೈಗೆ ಗೀರು ಕೂಡ.

ನಿಮ್ಮ ಸ್ಪಿನ್ ಮಾಪ್‌ನ ಸಮಸ್ಯೆ ಬಕೆಟ್‌ನಲ್ಲಿದೆ. ಬುಟ್ಟಿ ತಿರುಗಿದಾಗ ಹಿಂಡಿದ ಕೊಳೆ ನೀರು ಅದೇ ಬಕೆಟ್‌ಗೆ ವಾಪಸ್ ಬೀಳುತ್ತದೆ. ಅದನ್ನೇ ಇಟ್ಟುಕೊಂಡು ಸರಿಪಡಿಸಲು ಪಕ್ಕದಲ್ಲಿ ಇನ್ನೊಂದು ಬಕೆಟ್ ಸಾಕು. ಒಂದರಲ್ಲಿ 4 ಲೀಟರ್ ಒರೆಸುವ ನೀರು, ಇನ್ನೊಂದರಲ್ಲಿ 5 ಲೀಟರ್ ಬರೀ ನೀರು. ಕೊಳೆಯಾದ ಮಾಪನ್ನು ಮೊದಲು ಬರೀ ನೀರಿನಲ್ಲಿ ಅದ್ದಿ ಜಾಲಿಸಿ, ಅಲ್ಲೇ ಹಿಂಡಿ, ಆಮೇಲೆ ಒರೆಸುವ ನೀರಿಗೆ ಅದ್ದಿ. ಸ್ಪಿನ್ ಬುಟ್ಟಿ ಯಾವ ಬಕೆಟ್‌ನಲ್ಲಿದೆಯೋ ಅದನ್ನು ಜಾಲಿಸುವ ಬಕೆಟ್ ಮಾಡಿಕೊಳ್ಳಿ, ಒರೆಸುವ ನೀರಿನದ್ದು ಸಾದಾ ಬಕೆಟ್ ಆಗಿರಲಿ. ಅದ್ದಿದ ಮಾಪಿನಿಂದ ಹೆಚ್ಚಿನ ನೀರು ಇಳಿಸಲು ಇನ್ನೊಮ್ಮೆ ಬುಟ್ಟಿಯಲ್ಲಿ ತಿರುಗಿಸಬೇಕಾಗುತ್ತದೆ. ಒಂದಿಷ್ಟು ಒರೆಸುವ ನೀರು ಜಾಲಿಸುವ ಬಕೆಟ್‌ಗೆ ಹೋದರೆ ನಷ್ಟವಿಲ್ಲ, ತಿರುಗುಮುರುಗು ಆಗಬಾರದು ಅಷ್ಟೇ. ಜಾಲಿಸುವ ನೀರನ್ನು ಕೋಣೆಗೊಮ್ಮೆ ಚೆಲ್ಲಿ. ತಿಳಿ ಬಣ್ಣದ ಬಕೆಟ್ ಇದ್ದರೆ ಲೆಕ್ಕವೂ ಬೇಡ: ತಳ ಕಾಣದಷ್ಟು ನೀರು ಮಸುಕಾಯಿತೋ, ಚೆಲ್ಲಬೇಕು.

ಇನ್ನು ಚಲನೆ. ಬಾಗಿಲಿಗೆ ದೂರದ ಮೂಲೆಯಿಂದ ಶುರು ಮಾಡಿ ಹಿಂದಕ್ಕೆ ಬರುತ್ತ ಬಾಗಿಲಲ್ಲಿ ಮುಗಿಸಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಮಾಪನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯುವುದು ತಪ್ಪು. ತಳ್ಳಿದಾಗ ಮಾಪ್‌ನ ಮುಂಚೂಣಿಯಲ್ಲಿ ಕೊಳೆ ಸಾಲುಗಟ್ಟುತ್ತದೆ. ದಿಕ್ಕು ಬದಲಿಸಿದ ಕ್ಷಣ ಆ ಸಾಲು ಅಲ್ಲೇ ನೆಲದ ಮೇಲೆ ಉಳಿದುಬಿಡುತ್ತದೆ. ಒಣಗಿದ ಮೇಲೆ ಬಿಸಿಲಿಗೆ ಕಾಣುವ ಗೆರೆ ಅದೇ. ಅದರ ಬದಲು ಮೊದಲು ಗೋಡೆಯಂಚಿಗೆ ಒಂದು ಪಟ್ಟಿ ಒರೆಸಿಕೊಳ್ಳಿ. ಆಮೇಲೆ ಮಧ್ಯದ ಜಾಗವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾವು ಹರಿದಂತೆ ಒರೆಸುತ್ತ ಹಿಂದೆ ಸರಿಯಿರಿ. ತಿರುವಿನಲ್ಲಿ ಮಾಪ್ ಎತ್ತಬೇಡಿ, ಹಿಡಿಯನ್ನು ಮಣಿಕಟ್ಟಿನಲ್ಲಿ ತಿರುಗಿಸಿ. ಚಪ್ಪಟೆ ಮಾಪ್ ಆದರೆ ಅದೇ ಅಂಚು ಯಾವಾಗಲೂ ಮುಂದಿರಬೇಕು. ಪ್ರತಿ ಸಾಲು ಹಿಂದಿನ ಸಾಲಿನ ಮೇಲೆ ನಾಲ್ಕು ಬೆರಳಗಲ ಹತ್ತಲಿ. ಹೀಗೆ ಮಾಡಿದಾಗ ಕೊಳೆ ಎಲ್ಲೂ ಇಳಿಯದೆ ಮಾಪ್ ಜೊತೆಗೇ ಬಾಗಿಲವರೆಗೆ ಬರುತ್ತದೆ. ನಾಲ್ಕೈದು ಚದರ ಮೀಟರ್ ಆದ ಮೇಲೆ ಜಾಲಿಸಿ.

ಅಂಟಿಕೊಂಡ ಕಲೆ ಸಿಕ್ಕಿದರೆ ಒತ್ತಿ ಉಜ್ಜಬೇಡಿ. ಅದರ ಮೇಲೆ ಒದ್ದೆ ಮಾಪ್ ಒಮ್ಮೆ ಸವರಿ ಮುಂದೆ ಹೋಗಿ, ಎರಡು ಮೂರು ನಿಮಿಷ ಬಿಟ್ಟು ಬಂದು ಎತ್ತಿ. ನೆನೆಯುವುದಕ್ಕೆ ಹೊತ್ತು ಕೊಟ್ಟರೆ ತೋಳಿಗೆ ಶ್ರಮವಿಲ್ಲ.

ಕೊನೆಗೆ, ಹೊಳಪಿನ ಟೈಲ್ಸ್‌ಗೆ ಒಣಬಟ್ಟೆಯ ಒಂದು ಸುತ್ತು. ತೇವ ತಾನಾಗಿ ಆರುವ ಮೊದಲು, ಅಂದರೆ ಒಂದೆರಡು ನಿಮಿಷದೊಳಗೆ, ಒಣ ಮೈಕ್ರೋಫೈಬರ್ ಬಟ್ಟೆಯನ್ನು ಚಪ್ಪಟೆ ಮಾಪಿಗೋ ಕೋಲಿಗೋ ಸುತ್ತಿ ಎಳೆಯಿರಿ. ಉಳಿದ ಕ್ಲೀನರ್, ಗಡಸು ನೀರಿನ ಸುಣ್ಣ ಎರಡನ್ನೂ ಅದು ಎತ್ತಿಕೊಳ್ಳುತ್ತದೆ. ಗಡಸು ನೀರಿರುವ ಕಡೆ ಈ ಸುತ್ತು ಬಿಟ್ಟರೆ ಬಿಳಿ ಮಸುಕು ತಪ್ಪುವುದಿಲ್ಲ, ಯಾವ ಕ್ಲೀನರ್ ಹಾಕಿದರೂ ಅಷ್ಟೇ. ಒರೆಸುವಾಗ ಫ್ಯಾನ್ ಬೇಡ: ನೀವು ಎತ್ತುವ ಮೊದಲೇ ಗಾಳಿ ನೀರನ್ನು ಒಣಗಿಸಿ ಕಲೆ ಕೂರಿಸುತ್ತದೆ. ಒಣಬಟ್ಟೆ ಎಳೆದಾದ ಮೇಲೆ ಹಾಕಿ.

ಮೊಣಕಾಲು ಗಟ್ಟಿಯಿದ್ದು ಕೂತು ಬಟ್ಟೆಯಲ್ಲಿ ಒರೆಸುವವರಿಗೆ ಒಂದು ಮಾತು. ಅದಕ್ಕಿಂತ ಚೊಕ್ಕಟವಾದ ಕ್ರಮ ಇಲ್ಲ, ಬಟ್ಟೆಯನ್ನು ಮುದ್ದೆ ಮಾಡಿ ಹಿಡಿಯದಿದ್ದರೆ. 60 ಸೆಂ.ಮೀ. ಚೌಕದ ಬಟ್ಟೆಯನ್ನು ಎರಡು ಸಲ ಮಡಚಿದರೆ 30 ಸೆಂ.ಮೀ. ಅಗಲದ ನಾಲ್ಕು ಪದರದ ಚೌಕ ಆಗುತ್ತದೆ. ಒಂದು ಮುಖ ಕೊಳೆಯಾದಾಗ ತಿರುವಿ, ಆಮೇಲೆ ಮಡಿಕೆ ಬದಲಿಸಿ. ಒಂದೇ ಬಟ್ಟೆಯಲ್ಲಿ ಎಂಟು ಹೊಸ ಮುಖ ಸಿಗುತ್ತವೆ. ಎಂಟೂ ಮುಗಿದ ಮೇಲೆ ಬಕೆಟ್‌ಗೆ ಅದ್ದಿದರೆ ಸಾಕು, ನೀರು ಅಷ್ಟು ಬೇಗ ಬಗ್ಗಡ ಆಗುವುದಿಲ್ಲ.

ಕೇಳಿದವರು

ಪರೀಕ್ಷೆ ಮಾಡಿದೆ, ಬರೀ ನೀರಿಗೇ ನೊರೆ ಬಂತು. ಇನ್ನೆರಡು ಅನುಮಾನ. ಲ್ಯಾಮಿನೇಟ್ ಕೋಣೆಯಲ್ಲಿ ಎರಡು ಹಲಗೆಗಳ ಅಂಚು ಕೂದಲೆಳೆಯಷ್ಟು ಉಬ್ಬಿವೆ, ಒರೆಸುವುದರಿಂದಲೇ ಇರಬಹುದಾ? ಇನ್ನೊಂದು, ಬಚ್ಚಲಿಗೆ ಬ್ಲೀಚ್ ಹಾಕುವಾಗ ಜೊತೆಗೆ ವಿನೆಗರ್ ಸೇರಿಸಿದರೆ ಬೇಗ ಕೆಲಸ ಆಗುತ್ತದಾ?

ಉತ್ತರ 3

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ: ಬ್ಲೀಚ್‌ಗೆ ವಿನೆಗರ್ ಸೇರಿಸಲೇಬೇಡಿ. ಹುಳಿ ತಾಕಿದ ಕೂಡಲೇ ಬ್ಲೀಚ್ ಕ್ಲೋರಿನ್ ಅನಿಲ ಬಿಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಅಪಾಯ. ಶೌಚಾಲಯ ತೊಳೆಯುವ ಆಸಿಡ್ ದ್ರಾವಣ, ನಿಂಬೆರಸ, ಸುಣ್ಣದ ಕಲೆ ತೆಗೆಯುವ ದ್ರಾವಣ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಬ್ಲೀಚ್ ಜೊತೆ ಬೇಡ, ಅದರಿಂದ ಬರುವುದು ಕ್ಲೋರಮೈನ್, ಅದೂ ವಿಷವೇ. ಒಂದು ಬಳಸಿದ ಮೇಲೆ ಇನ್ನೊಂದು ಬೇಕೇ ಬೇಕು ಅಂದರೆ ನಡುವೆ ಧಾರಾಳ ನೀರು ಹಾಯಿಸಿ, ಬೇರೆ ದಿನ ಮಾಡಿ. ಅಡುಗೆ ಸೋಡ ಮತ್ತು ವಿನೆಗರ್ ಬೆರೆಸುವುದರಿಂದ ಅಪಾಯ ಇಲ್ಲ, ಆದರೆ ಲಾಭವೂ ಇಲ್ಲ. ಬುಸುಗುಟ್ಟುವುದು ನೋಡಲು ಚೆಂದ, ಒಂದು ಇನ್ನೊಂದರ ಶಕ್ತಿಯನ್ನು ಕಳೆದು ಉಳಿಯುವುದು ಹೆಚ್ಚಾಗಿ ಉಪ್ಪುನೀರಿನಂಥ ದ್ರಾವಣ.

ಬ್ಲೀಚ್ ದಿನಬಳಕೆಯ ವಸ್ತುವಲ್ಲ. ಮನೆಯಲ್ಲಿ ವಾಂತಿ ಭೇದಿ ಆದಾಗ, ಚರಂಡಿ ನೀರು ಒಳಬಂದಾಗ ಬೇಕಾಗುತ್ತದೆ. ಮೊದಲು ಸೋಪು ನೀರಿನಲ್ಲಿ ಒರೆಸಿ ಕೊಳೆ ತೆಗೆಯಿರಿ, ಕೊಳೆ ಇದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿಬಿಡುತ್ತದೆ. ಸೋಪೂ ಹೋಗುವಂತೆ ಬರೀ ನೀರಿನಲ್ಲಿ ಒಮ್ಮೆ ಒರೆಸಿದ ಮೇಲೆ, ಶೇ. 5ರಿಂದ 6ರ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ಆದರೆ 1 ಲೀಟರ್ ತಣ್ಣೀರಿಗೆ 20 ಮಿ.ಲೀ. ಬೆರೆಸಿ ಒರೆಸಿ. ಬಿಸಿನೀರು ಬೇಡ, ಬ್ಲೀಚ್ ಬೇಗ ಕೆಡುತ್ತದೆ. ನೆಲ ಕಣ್ಣಿಗೆ ಕಾಣುವಷ್ಟು ಒದ್ದೆಯಾಗಿ ಬಾಟಲಿ ಹೇಳಿದಷ್ಟು ನಿಮಿಷ ಇರಬೇಕು, ಆಮೇಲೆ ಬರೀ ನೀರಿನ ಒರಸು. ಕೈಗವಸು ಹಾಕಿ, ಕಿಟಕಿ ತೆರೆಯಿರಿ, ಬೆರೆಸಿದ್ದನ್ನು ಆ ದಿನವೇ ಮುಗಿಸಿ ಇಲ್ಲವೇ ಚೆಲ್ಲಿ. ಮಾರ್ಬಲ್, ಮರ, ಲ್ಯಾಮಿನೇಟ್‌ಗೆ ಇದನ್ನು ಬಳಸಬೇಡಿ.

ಈಗ ಲ್ಯಾಮಿನೇಟ್. ಹೌದು, ಬಹುಮಟ್ಟಿಗೆ ಒರೆಸಿದ ನೀರಿನಿಂದಲೇ. ಮೇಲಿನದು ಗಟ್ಟಿ ಪಾರದರ್ಶಕ ಪದರ, ಅದರ ಕೆಳಗೆ ಮರದ ಚಿತ್ರದ ಹಾಳೆ, ಅದರ ಕೆಳಗಿನ ದಪ್ಪ ಭಾಗ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮೇಲ್ಮೈ ನೀರಿಗೆ ಜಗ್ಗುವುದಿಲ್ಲ, ಆದರೆ ಹಲಗೆ ಹಲಗೆ ಸೇರುವ ಸಂದಿಯಲ್ಲಿ ಆ ನಾರು ತೆರೆದಿರುತ್ತದೆ. ಅಲ್ಲಿ ನಿಂತ ನೀರನ್ನು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಪೂರ್ತಿ ಹಳೆಯ ಮಟ್ಟಕ್ಕೆ ಇಳಿಯುವುದಿಲ್ಲ. ಉಜ್ಜಿ ಸಮ ಮಾಡೋಣ ಅಂದರೆ ಚಿತ್ರದ ಹಾಳೆಯೇ ಹೋಗುತ್ತದೆ. ಸದ್ಯಕ್ಕೆ ಕೂದಲೆಳೆಯಷ್ಟು ಅಂದಿರಿ, ಇನ್ನು ನೀರು ಕುಡಿಸದಿದ್ದರೆ ಅಲ್ಲಿಗೇ ನಿಲ್ಲಬಹುದು. ಹೆಚ್ಚಾದರೆ ಆ ಹಲಗೆಗಳನ್ನು ಬದಲಿಸುವುದೇ ದಾರಿ.

ಆ ಕೋಣೆಗೆ ಬಕೆಟ್ ಕೊಂಡೊಯ್ಯಲೇಬೇಡಿ. ಒಣ ಚಪ್ಪಟೆ ಮಾಪ್ ಅಥವಾ ವ್ಯಾಕ್ಯೂಮ್‌ನಿಂದ ಧೂಳು ತೆಗೆದು, ಸ್ಪ್ರೇ ಬಾಟಲಿಯಿಂದ ಮಾಪ್ ಬಟ್ಟೆಯ ಮೇಲೆ (ನೆಲದ ಮೇಲಲ್ಲ) ಎರಡು ಮೂರು ಸಲ ಸಿಂಪಡಿಸಿ, ಹಲಗೆಯ ಉದ್ದಕ್ಕೇ ಒರೆಸಿ. ಅಡ್ಡಡ್ಡ ಒರೆಸಿದರೆ ಪ್ರತಿ ಸಂದಿಗೂ ತೇವ ನುಗ್ಗುತ್ತದೆ. ಎರಡು ವಾರಕ್ಕೊಮ್ಮೆ ಸಾಕು. ಹಬೆ ಮಾಪ್ ಲ್ಯಾಮಿನೇಟ್‌ಗೂ ಮರಕ್ಕೂ ಕೂಡದು, ಆವಿ ಸಂದಿನೊಳಕ್ಕೆ ಹೋಗಿ ಅಲ್ಲೇ ನೀರಾಗಿ ಕೂರುತ್ತದೆ.

ಮಾರ್ಬಲ್ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್, ನಿಂಬೆರಸ ಯಾವ ಹುಳಿ ಬಿದ್ದರೂ ಆ ಜಾಗದ ಕಲ್ಲು ಕರಗಿ ಹೊಳಪು ಹೋಗುತ್ತದೆ. ಅದು ಕಲೆಯಲ್ಲ, ಸವೆತ. ಒರೆಸಿ ತೆಗೆಯಲು ಬರುವುದಿಲ್ಲ, ಮತ್ತೆ ಪಾಲಿಶ್ ಹೊಡೆಯಬೇಕು. ಬರೀ ನೀರು, ಬೇಕಿದ್ದರೆ ಪಿಎಚ್ 7ರ ಆಸುಪಾಸಿನ ತಟಸ್ಥ (ಹುಳಿಯೂ ಕ್ಷಾರವೂ ಅಲ್ಲದ) ಕ್ಲೀನರ್, ಆಮೇಲೆ ಒಣಬಟ್ಟೆ. ಗ್ರಾನೈಟ್ ಹುಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ, ಆದರೆ ಅದರ ಮೇಲಿನ ಸೀಲರ್ (ಕಲೆ ಇಂಗದಂತೆ ಬಳಿದ ಲೇಪ) ಹಾಳಾಗಬಹುದು. ಸಿಮೆಂಟ್ ನೆಲಕ್ಕೂ ಹುಳಿ ಆಗದು. ವಿನೈಲ್ ನೆಲ ಇದ್ದವರು ರಬ್ಬರ್ ತಳದ ಕಾಲೊರಸು ಹಾಕಬೇಡಿ, ರಬ್ಬರ್‌ನ ರಾಸಾಯನಿಕ ವಿನೈಲ್‌ಗೆ ಇಳಿದು ಹಳದಿ ಕಲೆ ಬೀಳುತ್ತದೆ, ಹೋಗುವುದೇ ಇಲ್ಲ.

ಸಾಕಿದ ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ವಿಚಾರಕ್ಕೂ ಎಚ್ಚರ ಬೇಕು. ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ದೇಹ ಸರಿಯಾಗಿ ಹೊರಹಾಕಲಾರದು. ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಹೊಟ್ಟೆಗೇ ಹೋಯಿತು. ಘಮ್ಮೆಂದರೆ ನೆಲ ಶುಚಿಯಾಯಿತು ಅನ್ನುವ ನಂಬಿಕೆಯನ್ನು ಬಿಟ್ಟರೆ ಅರ್ಧಕ್ಕರ್ಧ ರಾಸಾಯನಿಕ ತಾನಾಗಿ ಕಡಿಮೆಯಾಗುತ್ತದೆ. ಚೊಕ್ಕಟ ನೆಲಕ್ಕೆ ವಾಸನೆಯೇ ಇರುವುದಿಲ್ಲ.

ಉತ್ತರ 4

ಮಾಪ್ ವಾಸನೆ ಬಗ್ಗೆ ಯಾರೂ ಹೇಳಲಿಲ್ಲ. ವಾಸನೆ ಬರುವುದು ನೀರಿನಿಂದಲ್ಲ, ಎಳೆಗಳ ಬುಡದಲ್ಲಿ ಉಳಿದ ಜಿಡ್ಡು, ಚರ್ಮದ ಹೊಟ್ಟು, ಸೋಪನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾದಿಂದ. ಒದ್ದೆಯಾಗಿ ರಾತ್ರಿಯಿಡೀ ಬಕೆಟ್‌ನಲ್ಲಿ ನಿಂತರೆ ಅವುಗಳಿಗೆ ಬೇಕಾದ್ದೆಲ್ಲ ಸಿಕ್ಕಂತೆ. ಮರುದಿನ ಆ ಮಾಪ್‌ನಲ್ಲಿ ಒರೆಸಿದರೆ ಅವೆಲ್ಲ ನೆಲಕ್ಕೆ.

ಒರೆಸಿ ಮುಗಿದ ಕೂಡಲೇ ಸ್ಪಿನ್ ಮಾಪ್‌ನ ತಲೆಯನ್ನು ತಟ್ಟೆಯಿಂದ ಬಿಚ್ಚಿ. ಹರಿಯುವ ನೀರಿನಡಿ ಎಳೆಗಳನ್ನು ಬುಡದಿಂದ ತುದಿಗೆ ಬೆರಳಲ್ಲಿ ಬಾಚಿ, ನೀರು ತಿಳಿಯಾಗಿ ಬರುವವರೆಗೆ ಜಾಲಿಸಿ. ತಟ್ಟೆಯ ಅಡಿಭಾಗ ನೋಡಿದ್ದೀರಾ? ಎಳೆಗಳನ್ನು ಹಿಡಿಯುವ ಪ್ಲಾಸ್ಟಿಕ್ ಉಂಗುರದ ಒಳಗೆ ಕೂದಲು, ಬೂದು ಲೋಳೆ ಕೂಡಿಕೊಂಡಿರುತ್ತದೆ. ಎಷ್ಟು ತೊಳೆದರೂ ವಾಸನೆ ಹೋಗದಿರುವುದಕ್ಕೆ ಬಹಳ ಸಲ ಅದೇ ಕಾರಣ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆಯಿರಿ. ಆಮೇಲೆ ಚೆನ್ನಾಗಿ ತಿರುಗಿಸಿ ಹಿಂಡಿ, ಗಾಳಿಯಾಡುವ ಕಡೆ ಎಳೆಗಳನ್ನು ಬಿಡಿಸಿ ನೇತುಹಾಕಿ. ಬಕೆಟ್ ಕೂಡ ತೊಳೆದು ಬೋರಲು ಹಾಕಿ.

ವಾರಕ್ಕೊಮ್ಮೆ ಮೈಕ್ರೋಫೈಬರ್ ತಲೆಯನ್ನು ವಾಷಿಂಗ್ ಮೆಷಿನ್‌ನಲ್ಲಿ 60 ಡಿಗ್ರಿಯಲ್ಲಿ ತೊಳೆಯಿರಿ, ಲೇಬಲ್ ಅದಕ್ಕೆ ಒಪ್ಪಿದ್ದರೆ. ಬೇರೆ ಬಟ್ಟೆ ಜೊತೆ ಹಾಕಬೇಡಿ, ಹತ್ತಿಯ ನೂಲು ಅದರ ಎಳೆಗೆ ಸಿಕ್ಕಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಕೂಡದು. ಮೈಕ್ರೋಫೈಬರ್ ಕೊಳೆ ಎತ್ತುವುದು ಕೂದಲಿಗಿಂತ ಎಷ್ಟೋ ಸಪೂರವಾದ, ಸೀಳಿದ ಎಳೆಗಳ ಅಂಚಿನಿಂದ. ಸಾಫ್ಟನರ್ ಆ ಅಂಚಿಗೆಲ್ಲ ಮೇಣದಂತೆ ಬಳಿದುಕೊಂಡರೆ ಅದು ನೀರನ್ನೂ ಹೀರದು, ಧೂಳನ್ನೂ ಹಿಡಿಯದು. ಬ್ಲೀಚ್ ಕೂಡ ಎಳೆಯನ್ನು ಕೆಡಿಸುತ್ತದೆ. ಹತ್ತಿ ಮಾಪ್ ಅಥವಾ ಹತ್ತಿ ಬಟ್ಟೆಯಾದರೆ ಹತ್ತು ನಿಮಿಷ ಕುದಿಸಿಬಿಡಿ, ಅಷ್ಟು ಸಾಕು. ಎಳೆಗಳು ಗಂಟುಕಟ್ಟಿ ಗಟ್ಟಿಯಾದವೋ, ಒದ್ದೆ ಮಾಡಿದಾಗ ನೀರು ಹೀರದೆ ಉರುಳುತ್ತದೋ, ಹೊಸ ತಲೆ ತನ್ನಿ.

ಶೌಚಾಲಯಕ್ಕೆ ಬೇರೆ ಮಾಪ್, ಬೇರೆ ಬಕೆಟ್. ಶುಚಿಗೊಳಿಸುವ ಕಸುಬಿನವರು ಬಣ್ಣದಿಂದ ಗುರುತಿಡುತ್ತಾರೆ: ಶೌಚಾಲಯಕ್ಕೆ ಕೆಂಪು, ಅಡುಗೆಮನೆಗೆ ಹಸಿರು, ಉಳಿದ ಕಡೆಗೆ ನೀಲಿ. ಮನೆಯಲ್ಲಿ ಕೆಂಪು ಒಂದನ್ನಾದರೂ ಪಾಲಿಸಿದರೆ ಯಾರ ಕೈಗೆ ಮಾಪ್ ಹೋದರೂ ಅದಲುಬದಲಾಗುವುದಿಲ್ಲ.

ಉತ್ತರ 5

ಉತ್ತರ 1ರಲ್ಲಿ ಹೇಳಿದ ಒಂದು ಅಂಶಕ್ಕೆ ನನ್ನ ಒಪ್ಪಿಗೆ ಇಲ್ಲ. ಅಡುಗೆಮನೆಗೆ ಬರೀ ನೀರು ಸಾಲದು, ವಾರಕ್ಕೆ ಮೂರು ಸಲವೂ ಸಾಲದೆ ಹೋಗಬಹುದು. ಬಾಣಲೆಯಿಂದ ಎದ್ದ ಎಣ್ಣೆಯ ಹನಿ ಗಾಳಿಯಲ್ಲಿ ತೇಲಿ ಒಲೆಯಿಂದ ಎಷ್ಟೋ ಅಡಿ ದೂರ ಬೀಳುತ್ತದೆ. ಅಲ್ಲಿಂದ ಪಾದಕ್ಕೆ ಹತ್ತಿ ಹಾಲ್‌ಗೆ ಬರುತ್ತದೆ. ಕರಿಯುವ ಅಡುಗೆ ಮಾಡಿದ ದಿನ ಅಡುಗೆಮನೆಯ ಟೈಲ್ಸ್‌ಗೆ 4 ಲೀಟರ್ ಬಿಸಿನೀರು, ಅದಕ್ಕೆ ಪಾತ್ರೆ ತೊಳೆಯುವ ದ್ರವ ಅರ್ಧ ಚಮಚ, ಅಂದರೆ 2ರಿಂದ 3 ಮಿ.ಲೀ. ಅಷ್ಟೇ. ಆಮೇಲೆ ಬರೀ ನೀರಿನ ಒಂದು ಕೈ ತಪ್ಪಿಸಬೇಡಿ, ಇಲ್ಲದಿದ್ದರೆ ಮತ್ತದೇ ಅಂಟು.

ಟೈಲ್ಸ್ ಸಂದು ಕಪ್ಪಾಗಿದ್ದರೆ ಮಾಪ್‌ನಿಂದ ಆಗುವ ಕೆಲಸವಲ್ಲ. ಸಂದು ಟೈಲ್ಸ್‌ಗಿಂತ ಸ್ವಲ್ಪ ತಗ್ಗು, ಮಾಪ್ ಅದರ ಮೇಲೆ ಹಾಯ್ದುಹೋಗುತ್ತದೆ. ಅಡುಗೆ ಸೋಡಕ್ಕೆ ನೀರು ಸೇರಿಸಿ ಗಟ್ಟಿ ಮುದ್ದೆ ಮಾಡಿ ಸಂದಿಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ನೈಲಾನ್ ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಎತ್ತಿ. ತಂತಿಯ ಬ್ರಷ್ ಬೇಡ, ಸಂದಿನಿಂದ ಸಿಮೆಂಟ್ ಕಿತ್ತುಬರುತ್ತದೆ, ಮುರಿದ ತಂತಿ ತುಕ್ಕಿನ ಕಲೆ ಬಿಡುತ್ತದೆ. ತಿಂಗಳಿಗೊಮ್ಮೆ ಒಂದೆರಡು ಸಾಲು ಹಿಡಿದರೆ ಸಾಕು, ಇಡೀ ಮನೆಯನ್ನು ಒಂದೇ ದಿನ ಹಿಡಿಯಬೇಕಿಲ್ಲ.

ಒರೆಸುವ ಕೆಲಸ ಕಡಿಮೆಯಾಗಬೇಕಾದರೆ ಬಾಗಿಲಿನತ್ತ ನೋಡಿ. ಹೊರಗೆ ಒರಟು ಎಳೆಯ ಕಾಲೊರಸು ಮಣ್ಣು ಕೆರೆಯಲು, ಒಳಗೆ ಹೀರುವ ಬಟ್ಟೆಯದ್ದು ತೇವಕ್ಕೆ. ಒಳಗಿನದು ಎರಡು ಕಾಲೂ ಒಂದೊಂದು ಹೆಜ್ಜೆಯಾದರೂ ಬೀಳುವಷ್ಟು ಉದ್ದ ಇರಲಿ. ಅಂಗೈಯಗಲದ ಕಾಲೊರಸನ್ನು ಜನ ದಾಟಿಕೊಂಡೇ ಬರುತ್ತಾರೆ. ವಾರಕ್ಕೊಮ್ಮೆ ಹೊರಗೆ ಕೊಡವದಿದ್ದರೆ ಕಾಲೊರಸೇ ಧೂಳಿನ ಮೂಟೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕೊನೆಯ ಒಂದು ಪ್ರಶ್ನೆ: “ಚೆನ್ನಾಗಿ ಹಿಂಡಿ” ಅಂದರೆ ಎಷ್ಟು? ಟೈಲ್ಸ್‌ಗೆ ಎಷ್ಟು ತೇವ, ಲ್ಯಾಮಿನೇಟ್‌ಗೆ ಎಷ್ಟು?

ಉತ್ತರ 2

ಗಡಿಯಾರ ಇಟ್ಟುಕೊಂಡು ನೋಡಿ. ಫ್ಯಾನ್ ಇಲ್ಲದೆ ಟೈಲ್ಸ್ ಮೂರು ನಾಲ್ಕು ನಿಮಿಷದಲ್ಲಿ, ಲ್ಯಾಮಿನೇಟ್ ಒಂದೇ ನಿಮಿಷದೊಳಗೆ ಆರಬೇಕು. ಹೊತ್ತು ಹೆಚ್ಚಾದರೆ ನೀರು ಹೆಚ್ಚು. ಮಳೆಗಾಲದ ಥಂಡಿ ಗಾಳಿಯಲ್ಲಿ ಇದೇ ನೀರಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಆಗ ಇನ್ನೂ ಒಣಗಿಸಿ ಹಿಂಡಿ.

ಒರೆಸುವ ಮೊದಲೇ ತಿಳಿಯಬೇಕಾದರೆ ಕೈಯಲ್ಲಿ ನೋಡಬಹುದು. ಹಿಂಡಿದ ಮಾಪನ್ನು ಎತ್ತಿ ಹಿಡಿದು ಹತ್ತು ಎಣಿಸಿ: ಒಂದೂ ಹನಿ ಬೀಳದಿದ್ದರೆ ಟೈಲ್ಸ್‌ಗೆ ಸರಿ. ಲ್ಯಾಮಿನೇಟ್‌ಗಾದರೆ ಬಟ್ಟೆಯನ್ನು ಅಂಗೈಗೆ ಒತ್ತಿ ತೆಗೆಯಿರಿ. ಅಂಗೈ ತಣ್ಣಗಾಗಬೇಕು, ಆದರೆ ಗೆರೆಗಳಲ್ಲಿ ನೀರು ಮಿನುಗಬಾರದು. ಸ್ಪಿನ್ ಬುಟ್ಟಿಯಲ್ಲಿ ಎಷ್ಟು ಸಲ ತಿರುಗಿಸಿದರೆ ಈ ಹದ ಬರುತ್ತದೆ ಅನ್ನುವುದು ಒಂದೊಂದು ಬುಟ್ಟಿಗೆ ಒಂದೊಂದು ಥರ. ಒಮ್ಮೆ ಎಣಿಸಿ, ಟೈಲ್ಸ್‌ಗೊಂದು ಸಂಖ್ಯೆಯನ್ನು ಮಾರ್ಕರ್‌ನಲ್ಲಿ ಬಕೆಟ್ ಮೇಲೆ ಬರೆದಿಟ್ಟುಬಿಡಿ. ಲ್ಯಾಮಿನೇಟ್‌ಗೆ ಸ್ಪಿನ್ ಮಾಪ್ ಎಷ್ಟು ಹಿಂಡಿದರೂ ತುಸು ಹೆಚ್ಚೇ ಒದ್ದೆ, ಅಲ್ಲಿಗೆ ಸ್ಪ್ರೇ ಮತ್ತು ಚಪ್ಪಟೆ ಮಾಪ್ ಇರಲಿ.